ಡುರ್ರ್ ಎಂದರೆ ಫುಲ್‌ಸ್ಟಾಪು

ಬೂದೆಪ್ಪ ಮಾಸ್ತರರ ಬಗ್ಗೆ ಬರೆಯಲು ನನಗಿಂತ ಯೋಗ್ಯರು ಬೇಕಾದಷ್ಟು ಜನ ಇದ್ದಾರೆ. ಅವರ ಹತ್ತಿರ ಇಂಗ್ಲಿಷು ಕಲಿತು ವಕೀಲರಾದವರಿದ್ದಾರೆ, ಕಚೇರಿಗಳಲ್ಲಿ ದೊಡ್ಡ ಕುರ್ಚಿ ಹಿಡಿದವರಿದ್ದಾರೆ. ಆದರೆ ಅವರೆಲ್ಲ ಬಾಯಿ ತೆರೆದರೆ ಹೊಗಳುತ್ತಾರೆ, ಬರೀ ಹೊಗಳಿಕೆಯಲ್ಲಿ ಮನುಷ್ಯ ಕಾಣುವುದಿಲ್ಲ. ನಾನು ಹಾಗಲ್ಲ. ಮಾನ್ವಿಯ ಆ ಮಿಡ್ಲ್ ಸ್ಕೂಲಿನಲ್ಲಿ ಅವರ ಕ್ಲಾಸಿಗೂ ನನ್ನ ಕ್ಲಾಸಿಗೂ ನಡುವೆ ಇದ್ದದ್ದು ಒಂದು ಬಿದಿರಿನ ತಡಿಕೆ. ಆಚೆ ಅವರು ಇಂಗ್ಲಿಷು ಕಲಿಸುತ್ತಿದ್ದರು, ಈಚೆ ನಾನು, ಶರಣಯ್ಯ, ಲೆಕ್ಕ ಕಲಿಸುತ್ತಿದ್ದೆ. ಮೂರು ವರ್ಷ ಆ ಮನುಷ್ಯನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಬ್ಬರೂ ಒಂದೇ ವಾರಿಗೆಯವರಾದ್ದರಿಂದ ಇನ್ನು ಮುಂದೆ ಏಕವಚನದಲ್ಲೇ ಬರೆಯುತ್ತೇನೆ. ಶಿಷ್ಯರು ಸಿಟ್ಟಾಗುವುದಿದ್ದರೆ ಆಗಲಿ.

ಬೂದೆಪ್ಪ ಹುಟ್ಟಿದ್ದು ದೇವದುರ್ಗದ ಸೀಮೆಯ ಒಂದು ಕುರುಬರ ಮನೆಯಲ್ಲಿ. ಅಪ್ಪ ಜಂಬಣ್ಣನಿಗೆ ಇನ್ನೂರು ಕುರಿ, ಒಬ್ಬನೇ ಮಗ. ಕುರಿಗಳ ಹಿಂದೆ ಮಗ ಹೋಗಬೇಕು, ಮಗನ ಹಿಂದೆ ಮೊಮ್ಮಗ ಹೋಗಬೇಕು ಎನ್ನುವುದು ಜಂಬಣ್ಣನ ಎಣಿಕೆ. ಆದರೆ ರಾಯಚೂರಿನ ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಚಿಗವ್ವ ಮಾರೆಮ್ಮ ಒಮ್ಮೆ ಊರಿಗೆ ಬಂದವಳು, ಹುಡುಗ ಕಡ್ಡಿಯಿಂದ ನೆಲದ ಮೇಲೆ ಏನೇನೋ ಗೀಚುತ್ತ ಕೂತದ್ದನ್ನು ಕಂಡಳು. "ಇವನ್ನ ನನ್ನ ಕೂಡ ಕಳಸು ಮಾವಾ, ನಾಕ ಅಕ್ಷರ ಕಲೀಲಿ. ಕುರಿ ಎಲ್ಲಿಗೂ ಓಡಿ ಹೋಗಂಗಿಲ್ಲ," ಎಂದು ಹಟ ಹಿಡಿದು ಕರೆದುಕೊಂಡು ಹೋದಳು.

ರಾಯಚೂರಿನಲ್ಲಿ ಆಗ ಹೈದರಾಬಾದಿನ ಆಳ್ವಿಕೆ, ಓದೆಲ್ಲ ಉರ್ದುವಿನಲ್ಲಿ. ಹುಡುಗ ಚುರುಕು. ಉರ್ದು ಬಂತು, ಲೆಕ್ಕ ಬಂತು, ಇಂಗ್ಲಿಷಿನ ಶಬ್ದಗಳೂ ಬಂದವು. ಬರದೆ ಹೋದದ್ದು ಇಂಗ್ಲಿಷಿನ ಕಾಮಾ, ಫುಲ್‌ಸ್ಟಾಪುಗಳು. ಅವನು ಓದಿದ ಉರ್ದು ಪುಸ್ತಕಗಳಲ್ಲಿ ವಾಕ್ಯದ ಕೊನೆಗೊಂದು ಚಿಕ್ಕ ಗೆರೆ ಬಿದ್ದರೆ ಮುಗಿಯಿತು, ಹೆಚ್ಚಿನ ಗೊಡವೆ ಇರಲಿಲ್ಲ. ಇಂಗ್ಲಿಷಿನಲ್ಲಿ ನೋಡಿದರೆ ಒಂದು ಚುಕ್ಕಿ, ಚುಕ್ಕಿಗೊಂದು ಬಾಲ, ಬಾಲದ ಮೇಲೊಂದು ಚುಕ್ಕಿ, ಎತ್ತರದಲ್ಲಿ ತೂಗಾಡುವ ಬಾಲ. ಇವನು ಯಾವುದನ್ನೂ ಹಾಕದೆ ಮೆಟ್ರಿಕ್ ಪರೀಕ್ಷೆಯಲ್ಲಿ ಎರಡು ಪುಟ ಉದ್ದದ ಒಂದೇ ವಾಕ್ಯ ಬರೆದು ಬಂದ. ಫೇಲಾದ. ಮರುವರ್ಷ ಸುಮ್ಮನಿರಬಾರದೆಂದು ಉಪ್ಪು ಉದುರಿಸಿದ ಹಾಗೆ ಎಲ್ಲ ಕಡೆ ಚುಕ್ಕಿ ಹಾಕಿದ. ಮತ್ತೆ ಫೇಲಾದ.

ಆ ಬೇಸಿಗೆ ಊರಿಗೆ ಹೋದವನು ಕೃಷ್ಣಾ ದಂಡೆಯಲ್ಲಿ ಅಪ್ಪನ ಕುರಿಗಳ ಹಿಂದೆ ಪುಸ್ತಕ ಹಿಡಿದು, ಜೋರಾಗಿ ಓದುತ್ತ ನಡೆದಿದ್ದನಂತೆ. ಜಂಬಣ್ಣನಿಗೆ ಕೇಳಿ ಕೇಳಿ ತಲೆ ಚಿಟ್ಟು ಹಿಡಿಯಿತು.

"ಏನಲೇ ಅದು, ಒಂದs ಉಸಿರಿನ್ಯಾಗ ಬಡಬಡಸಾಕತ್ತಿ? ಎಲ್ಲಿ ನಿಂದ್ರಬೇಕು, ಎಲ್ಲಿ ಹೊಳ್ಳಬೇಕು ಅನ್ನೂದು ಆ ಪುಸ್ತಕದಾಗ ಬರದಿಲ್ಲೇನು? ಹಿಂಗ ಕುರಿ ಹೊಡದ್ರ ಸಂಜಿಗೆ ಒಂದೂ ಹಟ್ಟಿಗೆ ಬರಂಗಿಲ್ಲ!"

ಬೂದೆಪ್ಪ ಪುಸ್ತಕ ನೋಡಿದ. ಬರೆದಿತ್ತು. ಪ್ರತಿ ಸಾಲಿನಲ್ಲೂ ಬರೆದಿತ್ತು. ಕುರಿ ಸಾವಕಾಶವಾಗಲಿ ಎಂದು ಅಪ್ಪ ನಾಲಿಗೆಯಿಂದ "ಚ್ಚ್" ಅನ್ನುತ್ತಿದ್ದನಲ್ಲ, ಅದೇ ಕಾಮಾ. ಪೂರ್ತಿ ನಿಲ್ಲಿಸಲು ತುಟಿ ಅದುರಿಸಿ "ಡುರ್ರ್" ಅನ್ನುತ್ತಿದ್ದನಲ್ಲ, ಅದೇ ಫುಲ್‌ಸ್ಟಾಪು. ನಿಂತ ಹಿಂಡನ್ನು ಎಬ್ಬಿಸುವ "ಹ್ಯಾಯ್" ಹೊಸ ವಾಕ್ಯದ ದೊಡ್ಡಕ್ಷರ. ಅಂದಿನಿಂದ ಮಗ ಓದುತ್ತ ಕೂಗಿದ, ಕೂಗುತ್ತ ಓದಿದ. ಆ ವರ್ಷ ಕುರಿಗಳು ಎಂದೂ ಇಲ್ಲದಷ್ಟು ಸಾಲಾಗಿ ನಡೆದವು, ಬೂದೆಪ್ಪ ಮೆಟ್ರಿಕ್ ಪಾಸಾದ.

ಸಾವಿರದ ಒಂಬೈನೂರ ನಲವತ್ತೆರಡರಲ್ಲಿ ಮಾನ್ವಿಯ ನಮ್ಮ ಸ್ಕೂಲಿಗೆ ಅವನನ್ನು ಇಂಗ್ಲಿಷು ಮಾಸ್ತರನಾಗಿ ಹಾಕಿದರು. ಕೆಲಸ ಟೆಂಪರರಿ. ಮೂರನೇ ವರ್ಷ ಶಾಲೆಗಳ ಇನ್ಸ್‌ಪೆಕ್ಟರ್ ಸಾಹೇಬರು ಬಂದು ನೋಡಿ, ಮನಸ್ಸಿಗೆ ಬಂದರೆ ಖಾಯಂ ಮಾಡಬೇಕು, ಇಲ್ಲದಿದ್ದರೆ ಮನೆಗೆ ಕಳಿಸಬೇಕು. ಜಂಬಣ್ಣನೂ ಇದೇ ಮೂರು ವರ್ಷವನ್ನು ಹಿಡಿದುಕೊಂಡ. "ಖಾಯಂ ಆತಂದ್ರ ನಿನ್ನ ದಾರಿ ನಿಂದು. ಆಗಲಿಲ್ಲಂದ್ರ ತಕರಾರು ಇಲ್ಲದ ಕಂಬಳಿ ಹೊತ್ತು ನನ್ನ ಹಿಂದ ಬರಬೇಕು. ನನಗೂ ಮಣಕಾಲು ಬಿದ್ದಾವ," ಎಂದ. ಬೂದೆಪ್ಪ ಒಪ್ಪಿದ. ಒಪ್ಪದೆ ಏನು ಮಾಡುತ್ತಾನೆ? ಅಪ್ಪ ಕೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ.

ಈಗ ನನ್ನ ಉರಿಯ ವಿಷಯಕ್ಕೆ ಬರುತ್ತೇನೆ. ತಡಿಕೆಯ ಆಚೆ ನಲವತ್ತು ಹುಡುಗರು ಇಂಗ್ಲಿಷು ಓದುತ್ತಿದ್ದರು. ಓದು ಅಂದರೆ ಹೇಗೆ! ಕಾಮಾ ಬಂದಲ್ಲಿ ನಲವತ್ತು ನಾಲಿಗೆ "ಚ್ಚ್", ಫುಲ್‌ಸ್ಟಾಪು ಬಂದಲ್ಲಿ ನಲವತ್ತು ಬಾಯಿ "ಡುರ್ರ್". ಪ್ರಶ್ನೆ ಬಂದರೆ ಕಳೆದುಹೋದ ಮರಿಯನ್ನು ಹುಡುಕುವ ಉದ್ದನೆಯ ಶಿಳ್ಳೆ. ಕೋಟ್ ಮಾರ್ಕಿನಲ್ಲಿ ಯಾರದಾದರೂ ಮಾತು ಬಂದರೆ ಹಟ್ಟಿಯ ಬಾಗಿಲು ತೆಗೆದ ಹಾಗೆ ಎರಡು ಚಪ್ಪಾಳೆ, ಮಾತು ಮುಗಿದರೆ ಬಾಗಿಲು ಹಾಕಿದ ಹಾಗೆ ಮತ್ತೆರಡು. "ತಗದ ಬಾಗಲಾ ಹಾಕಲಿಲ್ಲಂದ್ರ ಏನಾಗತದಲೇ?" ಎಂದು ಇವನು ಕೇಳುವುದು, "ಒಳಗಿನ ಕುರಿ ಹೊರಗ ಬರ್ತಾವ್ರೀ!" ಎಂದು ಹುಡುಗರು ಒದರುವುದು. ಒಡೆತನ ತೋರಿಸುವ ಮೇಲಿನ ಬಾಲಕ್ಕೆ, ಅಂದರೆ ಅಪಾಸ್ಟ್ರಫಿಗೆ, ಇವನು ಕಿವಿಗುರುತು ಎಂದು ಹೆಸರಿಟ್ಟಿದ್ದ. ಯಾರ ಕುರಿ ಎಂದು ತಿಳಿಯಲು ಕುರುಬರು ಕಿವಿ ಕತ್ತರಿಸುತ್ತಾರಲ್ಲ, ಅದು. ಉದ್ಗಾರದ ಚಿಹ್ನೆ ಬಂದ ದಿನವಂತೂ ನಲವತ್ತು ಜನ ತೋಳ ಕಂಡವರ ಹಾಗೆ "ತ್ವಾಳಾ! ತ್ವಾಳಾ!" ಎಂದು ಕಿರುಚಿದಾಗ ನಾನು ಬೆತ್ತ ಹಿಡಿದು ಹೊರಗೆ ಓಡಿಬಂದೆ. "ತ್ವಾಳ ಬಂದಾಗ ಅಷ್ಟs ಈ ಗುರುತು. ವರ್ಷಕ್ಕ ಎರಡು ಸಲ ಸಾಕು," ಎಂದು ಒಳಗೆ ಪಾಠ ಶಾಂತವಾಗಿ ಸಾಗಿತ್ತು.

ನನ್ನ ಕ್ಲಾಸಿನ ಗತಿ ಕೇಳಬೇಡಿ. ಹದಿನೇಳರ ಮಗ್ಗಿ ಹೇಳುತ್ತಿದ್ದ ಹುಡುಗರು ಆಚೆಯಿಂದ ಡುರ್ರ್ ಕೇಳಿಸಿದ ಕೂಡಲೇ ಹದಿನೇಳಾರಲ ಎಂದಲ್ಲಿಗೆ ನಿಂತುಬಿಡುತ್ತಿದ್ದರು. ಎಷ್ಟು ಬಡಿದರೂ ಆಚೆಯಿಂದ ಹ್ಯಾಯ್ ಬರುವವರೆಗೆ ನೂರಾ ಎರಡು ಬಾಯಿಂದ ಬರುತ್ತಿರಲಿಲ್ಲ.

ನಾನು ಹೆಡ್‌ಮಾಸ್ತರ್ ಗುಲಾಮ್ ರಸೂಲ್ ಸಾಹೇಬರ ಹತ್ತಿರ ದೂರು ಒಯ್ದೆ. ಅವರು ನಿಧಾನದ ಮನುಷ್ಯರು. ಚಶ್ಮಾ ತೆಗೆದು ಒರೆಸಿದರು.

"ಶರಣಯ್ಯನವರs, ಅವರ ಹುಡುಗರು ಇಂಗ್ಲೀಷಿನ್ಯಾಗ ಎಲ್ಲಾರೂ ಪಾಸ್ ಆಗ್ಯಾರ. ನಿಮ್ಮ ಲೆಕ್ಕದಾಗ ಎಷ್ಟ ಮಂದಿ?"

ಉತ್ತರವಿಲ್ಲದವನಿಗೆ ಸಿಟ್ಟು ಜಾಸ್ತಿ. "ಇನ್ಸ್‌ಪೆಕ್ಟರ್ ಸಾಹೇಬರು ಬಂದಾಗ ಇದು ಕಿವಿಗೆ ಬಿತ್ತಂದ್ರ ಇಸ್ಕೂಲಿನ ಮರ್ಯಾದಿ ಏನಾದೀತು ನೋಡ್ಕೋರಿ," ಎಂದು ಹೇಳಿ ಬಂದೆ. ಆ ಮಾತು ಅವರಿಗೆ ನಾಟಿತು. ಆ ಇನ್ಸ್‌ಪೆಕ್ಟರು ಅಂಥಿಂಥವರಲ್ಲ. ಜಿಲ್ಲೆಯ ಮಾಸ್ತರರೆಲ್ಲ ಅವರನ್ನು ಬೆನ್ನ ಹಿಂದೆ ಕಾಮಾ ಸಾಹೇಬರು ಎನ್ನುತ್ತಿದ್ದರು. ಶೇರ್ವಾನಿಯ ಜೇಬಿನಲ್ಲಿ ಸದಾ ಒಂದು ಕೆಂಪು ಪೆನ್ಸಿಲು. ಜ್ವರ ಬಂದಿದೆ ಎಂದು ಇಂಗ್ಲಿಷಿನಲ್ಲಿ ರಜಾ ಅರ್ಜಿ ಬರೆದ ಮಾಸ್ತರನೊಬ್ಬನಿಗೆ, ಫುಲ್‌ಸ್ಟಾಪು ಇಲ್ಲದ್ದರಿಂದ ಜ್ವರ ಇನ್ನೂ ಮುಗಿದಿಲ್ಲ ಎಂದು ತಿಳಿಯುತ್ತೇನೆ ಎಂದು ಬರೆದು ಅರ್ಜಿ ವಾಪಸು ಕಳಿಸಿದವರು.

ಹೆಡ್‌ಮಾಸ್ತರರು ಬೂದೆಪ್ಪನನ್ನು ಕರೆಸಿ ಕೈ ಮುಗಿದರು. "ಬೂದೆಪ್ಪ ಮಾಸ್ಟರ್, ಅದೊಂದು ದಿನ, ಖುದಾ ಕೀ ಕಸಮ್, ಕುರಿ ಸಪ್ಪಳ ಬರಬಾರದು."

"ಬರೂದಿಲ್ಲ ಸಾಬ್," ಎಂದ ಬೂದೆಪ್ಪ. ಹುಡುಗರಿಂದಲೂ ಆಣೆ ಹಾಕಿಸಿಕೊಂಡ. ಅವನ ಹೆಂಡತಿ ಬಂಡೆಮ್ಮ ನಮ್ಮ ಮನೆಯವಳ ಮುಂದೆ ಹೇಳಿಕೊಂಡಳಂತೆ: "ನಾಕ ದಿನದಿಂದ ಅವರು ರೊಟ್ಟಿ ನೆಟ್ಟಗ ತಿಂದಿಲ್ಲಕ್ಕಾ. ಖಾಯಂ ಆಗಲಿಲ್ಲಂದ್ರ ಕಂಬಳಿ ಹೊತ್ತು ಹೋಗತೀನಿ, ಅದಕ್ಕ ಹೆದರಿಕಿ ಇಲ್ಲ. ಆದ್ರ ಈ ಹುಡುಗರನ ಯಾರು ನೋಡ್ತಾರ ಅಂತಾರ." ಅದನ್ನು ಕೇಳಿದ ದಿನ ನನಗೂ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಬೆಂಕಿ ಹಚ್ಚಿದವನು ನಾನೇ ತಾನೆ.

ನಲವತ್ತೈದರ ಸಂಕ್ರಾಂತಿ ಮುಗಿದ ವಾರ ಕಾಮಾ ಸಾಹೇಬರು ಬಂದರು. ನನ್ನ ಲೆಕ್ಕ ನೋಡಿ ಒಂದು ಮಾತೂ ಆಡಲಿಲ್ಲ. ನೇರ ಬೂದೆಪ್ಪನ ಏಳನೇ ಕ್ಲಾಸಿಗೆ ನಡೆದರು. ನಾವೆಲ್ಲ ಹಿಂದೆ ಗೋಡೆಗೆ ಆತು ನಿಂತೆವು. ಸಾಹೇಬರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ರೀಡರ್ ತೆಗೆದು, ಒಬ್ಬ ವ್ಯಾಪಾರಿ ಹಡಗಿನಲ್ಲಿ ದೂರದ ಊರಿಗೆ ಹೊರಟ ಪಾಠವನ್ನು ಇಡೀ ಕ್ಲಾಸು ಒಟ್ಟಿಗೆ ಓದಬೇಕೆಂದರು.

ಹುಡುಗರು ಓದಿದರು. ಮೊದಲ ಕಾಮಾ ಬಂತು. ನಲವತ್ತು ನಾಲಿಗೆಗಳು ಬಾಯೊಳಗೇ ತಿರುಗಿ ಸುಮ್ಮನಾದವು. ಮೊದಲ ಫುಲ್‌ಸ್ಟಾಪು ಬಂತು. ಡುರ್ರ್ ಹೊರಗೆ ಬರಲಾಗದೆ ನಲವತ್ತು ಜೊತೆ ಕೆನ್ನೆಗಳು ಊದಿಕೊಂಡವು. ಸಾಹೇಬರು ತಲೆ ಎತ್ತಿ ನೋಡಿದರು. ಎರಡನೇ ವಾಕ್ಯದ ಕೊನೆಗೆ ಕೆನ್ನೆಗಳು ಇನ್ನೂ ಊದಿದವು, ಕಣ್ಣುಗಳು ಮೇಲೆ ಹೋದವು. "ಈ ಮಕ್ಕಳಿಗೇನು ಗದ್ದಕಟ್ಟು ರೋಗವೇ?" ಎಂದು ಸಾಹೇಬರು ಉರ್ದುವಿನಲ್ಲಿ ಕೇಳಿದರು. ಹೆಡ್‌ಮಾಸ್ತರರು ಬೆವರು ಒರೆಸಿಕೊಂಡರು. ಬೂದೆಪ್ಪ ನೆಲ ನೋಡುತ್ತ ನಿಂತಿದ್ದ.

ಮೂರನೇ ವಾಕ್ಯ ಉದ್ದದ್ದು. ಅದರ ಕೊನೆಗೆ ಬರುವಷ್ಟರಲ್ಲಿ ಮುಂದಿನ ಸಾಲಿನ ಒಬ್ಬನ ತುಟಿ ಜಾರಿತು. ಒಬ್ಬನದು ಜಾರಿದ ಮೇಲೆ ಉಳಿದವರದು ನಿಲ್ಲುತ್ತದೆಯೇ? ಮೂರು ವಾಕ್ಯಗಳ ಬಾಕಿಯೆಲ್ಲ ಸೇರಿ ಒಮ್ಮೆಗೇ ಹೊರಬಂತು.

"ಡುರ್ರ್ರ್ರ್!"

ಮಾಡಿನ ಮೇಲಿನ ಪಾರಿವಾಳಗಳು ಎದ್ದುಹೋದವು. ಸಾಹೇಬರ ಕೈಯಿಂದ ರೀಡರು ಬಿತ್ತು. ಆಮೇಲೆ ಎಲ್ಲ ಸ್ತಬ್ಧ. ಹೊರಗೆ ಬೀದಿಯಲ್ಲಿ ಅಷ್ಟೊತ್ತು ಕೇಳಿಸುತ್ತಿದ್ದ ಗೊರಸುಗಳ ಸಪ್ಪಳವೂ ನಿಂತಿತ್ತು. ನಾವು ಕಿಟಕಿಯಿಂದ ನೋಡಿದೆವು. ರಾಯಚೂರು ರಸ್ತೆಯ ಅಗಲಕ್ಕೂ ಇನ್ನೂರು ಕುರಿಗಳು ಕಲ್ಲಾಗಿ ನಿಂತಿದ್ದವು. ಅವುಗಳ ಹಿಂದೆ ಮೂರು ಬಂಡಿ, ಮುಂದೆ ಸಾಹೇಬರ ಜಟಕಾ.

ಕಿಟಕಿಯಲ್ಲಿ ಬಿಳಿ ಮೀಸೆಯ ಮುಖವೊಂದು ಕಾಣಿಸಿತು. "ಯಾವನಲೇ ನನ್ನ ಕುರಿ ನಿಂದರಿಸಿದವಾ?"

ಜಂಬಣ್ಣ! ಜೋಳದ ಸುಗ್ಗಿ ಮುಗಿದ ಮೇಲೆ ತುಂಗಭದ್ರೆ ಕಡೆಯ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ಹಟ್ಟಿ ಹಾಕಲು ಪ್ರತಿ ವರ್ಷ ಇದೇ ದಾರಿಯಲ್ಲಿ ಹೋಗುವವನು, ಈ ಸಲ ಮಗನ ಮೂರು ವರ್ಷ ಮುಗಿಯುವ ದಿನ ಕೇಳಿಕೊಂಡು ಬಂದಿದ್ದ. ಹೆಗಲ ಮೇಲೆ ತನ್ನ ಕಂಬಳಿಯಲ್ಲದೆ ಇನ್ನೊಂದು ಹೊಸ ಕಂಬಳಿ ಮಡಚಿ ಇಟ್ಟುಕೊಂಡಿದ್ದ. ಅದು ಯಾರಿಗೆಂದು ಬೂದೆಪ್ಪನಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು.

ಬೂದೆಪ್ಪ ಮುಂದೆ ಬಂದು ಸಾಹೇಬರಿಗೆ ಕೈ ಮುಗಿದ. "ಹುಜೂರ್, ತಪ್ಪು ನಂದು. ಹುಡುಗರದಲ್ಲ. ಈ ಕೂಗು ನಾನs ಕಲಿಸೀನಿ," ಎಂದು ಕಾಮಾದಿಂದ ಹಿಡಿದು ತೋಳದವರೆಗೆ ಒಂದನ್ನೂ ಮುಚ್ಚಿಡದೆ ಹೇಳಿದ.

ಸಾಹೇಬರು ಕಿಟಕಿಯಾಚೆ ತಮ್ಮ ಜಟಕಾ ನೋಡಿದರು. "ಮೊದಲು ರಸ್ತೆ ಖಾಲಿ ಮಾಡಿಸಿ," ಎಂದರು. ಹೆಡ್‌ಮಾಸ್ತರರು ಕಿಟಕಿಯಿಂದ ಜಂಬಣ್ಣನನ್ನು ಬೇಡಿಕೊಂಡರು. ಮುದುಕ ಕೋಲು ಊರಿ ನಿಂತ. "ನಾನ್ಯಾಕ ಹೊಡೀಲಿ? ನಿಂದರಿಸಿದವರs ಎಬ್ಬಸ್ಲಿ!"

ಅಪ್ಪನ ಮೊಂಡುತನಕ್ಕೆ ಮಗನ ಹತ್ತಿರ ಒಂದೇ ಉಪಾಯವಿತ್ತು. ಅವನು ಸಾಹೇಬರ ಮುಖ ನೋಡಿದ. ಸಾಹೇಬರು ಬಿದ್ದ ರೀಡರು ಎತ್ತಿಕೊಂಡು, ಜೇಬಿನಿಂದ ಕೆಂಪು ಪೆನ್ಸಿಲು ತೆಗೆದು, ಕಿಟಕಿಗೆ ಮುಖ ಮಾಡಿ ನಿಂತರು. "ಓದಿಸಿ," ಎಂದರು.

"ಓದ್ರಲೇ," ಎಂದ ಬೂದೆಪ್ಪ. "ಬಾಯಿ ತುಂಬ ಓದ್ರಿ."

ಹುಡುಗರಿಗೆ ಇನ್ನೇನು ಬೇಕು? ಹ್ಯಾಯ್ ಎಂದು ವಾಕ್ಯ ಎಬ್ಬಿಸಿದರು, ಹೊರಗೆ ಕುರಿ ಎದ್ದವು. ಚ್ಚ್ ಎಂದರು, ಕುರಿ ಸಾವಕಾಶವಾದವು. ಡುರ್ರ್ ಎಂದರು, ನಿಂತವು. ಮತ್ತೆ ಹ್ಯಾಯ್. ವ್ಯಾಪಾರಿಯ ಹಡಗು ಪುಸ್ತಕದಲ್ಲಿ ಎಷ್ಟು ದೂರ ಸಾಗಿತೋ ಅಷ್ಟು ದೂರ ಕುರಿಗಳು ರಾಯಚೂರು ರಸ್ತೆಯಲ್ಲಿ ಸಾಗಿದವು. ಸಾಹೇಬರು ಒಂದು ಕಣ್ಣು ಪುಸ್ತಕದ ಮೇಲೆ, ಒಂದು ಕಣ್ಣು ಕುರಿಗಳ ಮೇಲೆ ಇಟ್ಟು, ಪೆನ್ಸಿಲು ಹಿಡಿದು ಒಂದೊಂದು ಚಿಹ್ನೆಯನ್ನೂ ತಾಳೆ ನೋಡುತ್ತಿದ್ದರು. ಅರ್ಧ ಪುಟ ಮುಗಿಯುವಷ್ಟರಲ್ಲಿ ಅವರ ಭುಜ ಕುಣಿಯತೊಡಗಿದವು. ಪುಟ ಮುಗಿದಾಗ ಟೋಪಿ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದರು. ಅಷ್ಟು ನಕ್ಕ ಅಧಿಕಾರಿಯನ್ನು ನಾನು ನನ್ನ ನೌಕರಿಯಲ್ಲಿ ಮತ್ತೆ ಕಾಣಲಿಲ್ಲ.

ಆದರೆ ಕಾಮಾ ಸಾಹೇಬರು ನಗುವಿಗೆ ಸೋಲುವವರಲ್ಲ. ನಗು ಮುಗಿದ ಕೂಡಲೇ ಮುಖ ಗಂಟುಹಾಕಿ, ಕೂಗಿ ಓದುವುದು ಸರಿ, ಕೂಗದೆ ಬರೆಯಲು ಬರುತ್ತದೆಯೋ ನೋಡೋಣ ಎಂದರು. ಯಾವ ಹುಡುಗನೂ ಕಂಡಿರದ ಹತ್ತು ಸಾಲು ಡಿಕ್ಟೇಷನ್ ಕೊಟ್ಟರು, ಚಿಹ್ನೆಗಳನ್ನು ಹೇಳಲಿಲ್ಲ. ಹುಡುಗರು ಸದ್ದಿಲ್ಲದೆ ಬರೆದರು, ತುಟಿ ಮಾತ್ರ ಅಲುಗುತ್ತಿದ್ದವು. ಸಾಹೇಬರು ನಲವತ್ತು ಪುಸ್ತಕಗಳನ್ನೂ ಒಂದೊಂದಾಗಿ ನೋಡಿದರು. ಬೂದೆಪ್ಪನ ಕಡೆ ನನಗೆ ನೋಡಲಾಗಲಿಲ್ಲ. ಕೆಂಪು ಪೆನ್ಸಿಲು ಎಲ್ಲ ಸೇರಿ ಐದು ಸಲ ಕೆಳಗಿಳಿಯಿತು. ಅದರಲ್ಲೂ ಒಂದು, ಉರ್ದುವಿನ ರೂಢಿಯಲ್ಲಿ ಪ್ರಶ್ನೆಯ ಕೊಕ್ಕೆಯನ್ನು ತಿರುಗುಮುರುಗು ಬರೆದದ್ದು.

ಸಾಹೇಬರು ಶಾಲೆಯ ಇನ್‌ಸ್ಪೆಕ್ಷನ್ ಬುಕ್ ತರಿಸಿ ಬರೆದರು. ಬೂದೆಪ್ಪನನ್ನು ಖಾಯಂ ಮಾಡಬೇಕೆಂದು ಒಂದೇ ಸಾಲು. "ಕುರಿಗಳ ವಿಷಯ ಬರೆಯುವುದಿಲ್ಲ," ಎಂದು ಎದ್ದರು. "ಬರೆದರೆ ಹೈದರಾಬಾದಿನವರು ನನ್ನ ನೌಕರಿಗೇ ಫುಲ್‌ಸ್ಟಾಪು ಹಾಕುತ್ತಾರೆ." ನಾನು ಹಿರಿಕಿರಿಯರನ್ನು ನೋಡದೆ ಬೂದೆಪ್ಪನನ್ನು ಅಪ್ಪಿಕೊಂಡುಬಿಟ್ಟೆ. ದೂರು ಕೊಟ್ಟವನು ನಾನು ಎಂದು ಅವನ ಕಿವಿಯಲ್ಲೇ ಹೇಳಿದೆ. "ಗೊತ್ತದ ಬಿಡ್ರಿ ಶರಣಯ್ಯನವರs, ನೀವು ಕ್ಲಾಸಿನ್ಯಾಗ ಬೈಯೂದು ತಡಿಕಿ ಈ ಕಡೀಗೂ ಕೇಳಸತದ," ಎಂದ.

ಹೊರಗೆ ಬೇವಿನ ಮರದ ಕೆಳಗೆ ಜಂಬಣ್ಣ ಕುರಿಗಳನ್ನು ಮತ್ತೆ ತರುಬಿಕೊಂಡು ನಿಂತಿದ್ದ. ಬೂದೆಪ್ಪ ಹೋದ. ನಾನೂ ಹಿಂದೆಯೇ ಹೋದೆ.

"ಏನಾತು?"

"ಖಾಯಂ ಆತು ಯಪ್ಪಾ."

ಮುದುಕ ಹೊಸ ಕಂಬಳಿಯನ್ನು ಮಗನ ಹೆಗಲಿಗೆ ಹಾಕಿದ. "ನಿನ್ನ ಕರಕೊಂಡು ಹೋಗಾಕ ತಂದಿದ್ದೆ. ನನ್ನ ಹಿಂದ ಒಬ್ಬನಾದ್ರೂ ಈ ಕೂಗು ಕೂಗಾವ ಇರ್ಲಿ ಅಂತ. ಒಳಗ ನೋಡಿದ್ರ ನಲವತ್ತು ಮಂದಿ ಅದಾರ." ಕಂಬಳಿಯ ಮಡಿಕೆ ಸರಿಮಾಡಿದ. "ಇನ್ನ ನಿನ್ನ ಯಾಕ ಕರೀಲಿ? ಇಟ್ಕೋ. ಹಾಸ್ಕೊಂಡು ಕುಂತು ಕಲಸು."

ಬೂದೆಪ್ಪ ಅಪ್ಪನ ಪಾದ ಮುಟ್ಟಿದ. ಇಬ್ಬರೂ ಅಳುತ್ತಿದ್ದರು, ಇಬ್ಬರೂ ನಗುತ್ತಿದ್ದರು, ನನ್ನದೂ ಅದೇ ಅವಸ್ಥೆ. ಮುದುಕ ಕಂಬಳಿಯ ಚುಂಗಿನಿಂದ ಮೂಗು ಒರೆಸಿಕೊಂಡು, ಕುರಿಗಳ ಕಡೆ ತಿರುಗಿ ದೊಡ್ಡ ದನಿಯಲ್ಲಿ "ಹ್ಯಾಯ್!" ಎಂದ.

ಒಳಗೆ ಕ್ಲಾಸಿನಲ್ಲಿ ಮಾಸ್ತರನೂ ಇರಲಿಲ್ಲ, ಸಾಹೇಬರೂ ಇರಲಿಲ್ಲ. ಆದರೂ ಆ ಕೂಗು ಕಿವಿಗೆ ಬಿದ್ದದ್ದೇ ತಡ, ನಲವತ್ತು ಹುಡುಗರು ಬಿಟ್ಟ ಪಾಠದ ಮುಂದಿನ ವಾಕ್ಯ ಎತ್ತಿಕೊಂಡು ಓದತೊಡಗಿದರು. ಹೊರಟಿದ್ದ ಜಂಬಣ್ಣ ಕೋಲು ಅಡ್ಡ ಹಿಡಿದು ಕುರಿಗಳನ್ನು ತಡೆದ. ಒಂದಕ್ಷರ ತಿಳಿಯದಿದ್ದರೂ, ಆ ವಾಕ್ಯ ಪೂರ್ತಿ ಮುಗಿಯುವವರೆಗೆ ಕೇಳಿಯೇ ಅವನು ಮುಂದೆ ಹೆಜ್ಜೆ ಇಟ್ಟದ್ದು.